ದೋಣಿಯ ಮೋಟಾರಿಗೆ ಎಷ್ಟು ಬ್ಯಾಟರಿ?

ತುಳಸಿಗೇರಿಯಿಂದ ಬಾಗಲಕೋಟೆಗೆ ಬಂದರೆ ಆಲಮಟ್ಟಿ ಜಲಾಶಯದ ಹಿನ್ನೀರು ಸಿಗುತ್ತದೆ. ಅಲ್ಲಿ ಸಣ್ಣ ದೋಣಿಯೊಂದಕ್ಕೆ ವಿದ್ಯುತ್ ಮೋಟಾರು ಜೋಡಿಸಿದ್ದೀರೆನ್ನಿ. ಲಿಥಿಯಮ್ ಬ್ಯಾಟರಿ 12.8 ವೋಲ್ಟ್, 100 ಆಂಪಿಯರ್-ಗಂಟೆಯದಾದರೆ ಅದರಲ್ಲಿರುವ ಶಕ್ತಿ 12.8 × 100 = 1280 ವಾಟ್-ಗಂಟೆ. ಮೋಟಾರು 50 ಆಂಪಿಯರ್, ಅಂದರೆ 640 ವಾಟ್ ಬಳಸಿದರೆ 2 ಗಂಟೆಗೆ ಬ್ಯಾಟರಿ ಬರಿದು.

ನೀರಿನ ಪ್ರತಿರೋಧ ಸುಮಾರಾಗಿ ವೇಗದ ವರ್ಗಕ್ಕೂ, ಬೇಕಾಗುವ ಸಾಮರ್ಥ್ಯ ವೇಗದ ಘನಕ್ಕೂ ಅನುಪಾತದಲ್ಲಿರುತ್ತವೆ. ವೇಗವನ್ನು ಅರ್ಧಕ್ಕಿಳಿಸಿದರೆ ಎಂಟನೆಯ ಒಂದು ಪಾಲು ಸಾಮರ್ಥ್ಯ ಸಾಕು. ಅದೇ ಶಕ್ತಿಯಲ್ಲಿ ನಾಲ್ಕು ಪಟ್ಟು ದೂರ ಹೋಗಬಹುದು.

ಇನ್ನೊಂದು ಮಾತು. ಸೀಸ-ಆಮ್ಲ ಬ್ಯಾಟರಿ ಬರಿದಾಗುತ್ತ ಬಂದಂತೆ ಮೋಟಾರು ನಿಧಾನವಾಗಿ ಎಚ್ಚರಿಸುತ್ತದೆ. ಲಿಥಿಯಮ್ ಬ್ಯಾಟರಿಯ ವೋಲ್ಟೇಜು ಬಹುಮಟ್ಟಿಗೆ ಕೊನೆಯವರೆಗೂ ಇಳಿಯದು; ನಂತರ ಅದರ ರಕ್ಷಣಾ ಮಂಡಲ ಥಟ್ಟನೆ ವಿದ್ಯುತ್ತನ್ನು ಕಡಿದುಬಿಡುತ್ತದೆ. ಆದ್ದರಿಂದ ದಡಕ್ಕೆ ಮರಳುವ ಶಕ್ತಿಯನ್ನು ಹೊರಡುವ ಮೊದಲೇ ಲೆಕ್ಕಹಾಕಿ.