ಮರ ಬರೆದಿಟ್ಟ ಮಳೆಯ ಲೆಕ್ಕ

ಒಡಲೆಲ್ಲ ಟೊಳ್ಳಾಗಿ, ಪೊಟರೆಯಲ್ಲಿ ಗಿಳಿಗಳಿಗೆ ಎಡೆಗೊಟ್ಟು ನಿಂತ ಮುದಿ ಹುಣಸೆಯ ಮರಗಳನ್ನು ನಮ್ಮ ಹಳ್ಳಿಗಳಲ್ಲಿ ಕಾಣಬಹುದು. ಆದರೂ ಅವು ಚಿಗುರುವುದನ್ನು ಬಿಡುವುದಿಲ್ಲ. ಕಾಯಿ ಕೊಡುವುದನ್ನು ನಿಲ್ಲಿಸುವುದಿಲ್ಲ. ಆದರೆ ಗಟ್ಟಿಮುಟ್ಟಾದ ಮರವೊಂದರ ಬುಡದ ಸುತ್ತಲೂ ಗೇಣಗಲ ತೊಗಟೆಯನ್ನು ಸುಲಿದು ತೆಗೆದರೆ ಅದು ಸಾಮಾನ್ಯವಾಗಿ ಕ್ರಮೇಣ ಒಣಗಿ ಸಾಯುತ್ತದೆ. ಒಳಗೆಲ್ಲ ಬರಿದಾದ ಮರ ಬದುಕುವುದೇಕೆ? ತೊಗಟೆಯನ್ನಷ್ಟೇ ಕಳೆದುಕೊಂಡ ಮರ ಸಾಯುವುದೇಕೆ? ಇದಕ್ಕೆ ಉತ್ತರವು ಮರವು ತನ್ನ ಒಡಲನ್ನು ಕಟ್ಟಿಕೊಳ್ಳುವ ಬಗೆಯಲ್ಲಿದೆ.

ಮರವು ಎತ್ತರಕ್ಕೆ ಬೆಳೆಯುವುದು ಕೊಂಬೆಗಳ ತುದಿಯಲ್ಲಿ ಮಾತ್ರ. ಕಾಂಡದಲ್ಲಿ ಆಳೆತ್ತರಕ್ಕೆ ಹೊಡೆದ ಮೊಳೆಯು ನೂರು ವರ್ಷಗಳ ಅನಂತರವೂ ಅದೇ ಎತ್ತರದಲ್ಲಿರುತ್ತದೆ. ಕಾಂಡ ದಪ್ಪವಾಗುತ್ತ ಅದನ್ನು ನುಂಗಿರುತ್ತದೆ, ಅಷ್ಟೆ. ಹೀಗೆ ಕಾಂಡವನ್ನು ದಪ್ಪಗೊಳಿಸುವುದು ತೊಗಟೆಗೂ ಕಟ್ಟಿಗೆಗೂ ನಡುವೆ ಇರುವ ಅತಿ ತೆಳುವಾದ ಒಂದು ಜೀವಂತ ಪದರ. ಸಸ್ಯಶಾಸ್ತ್ರಜ್ಞರು ಇದನ್ನು ಕ್ಯಾಂಬಿಯಂ ಎಂದು ಕರೆಯುತ್ತಾರೆ. ಇದರ ಜೀವಕೋಶಗಳು ಎಡೆಬಿಡದೆ ಒಡೆದು ಎರಡಾಗುತ್ತವೆ. ಹೊರಮಗ್ಗುಲಿಗೆ ಸೇರಿದ ಕೋಶಗಳು ಒಳತೊಗಟೆಯಾಗಿ, ಎಲೆಗಳಲ್ಲಿ ಸಿದ್ಧವಾದ ಆಹಾರವನ್ನು ಬೇರಿಗೆ ಸಾಗಿಸುತ್ತವೆ. ಸುತ್ತಲೂ ತೊಗಟೆಯನ್ನು ಸುಲಿದರೆ ಈ ದಾರಿ ಕಡಿದುಹೋಗಿ ಬೇರು ಉಪವಾಸ ಬೀಳುತ್ತದೆ. ಬೇರು ಸತ್ತ ಮೇಲೆ ಮರ ಉಳಿಯದು.

ಒಳಮಗ್ಗುಲಿಗೆ ಸೇರಿದ ಕೋಶಗಳು ಕಟ್ಟಿಗೆಯಾಗುತ್ತವೆ. ಮರದ ತೂಕವೆಲ್ಲ ಮಣ್ಣಿನಿಂದ ಬಂದುದೆಂದು ಭಾವಿಸುವವರುಂಟು. ಅದು ಸರಿಯಲ್ಲ. ಎಲೆಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ, ಬೇರುಗಳು ತಂದ ನೀರಿನೊಡನೆ ಬಿಸಿಲಿನ ಬಲದಿಂದ ಸಕ್ಕರೆಯನ್ನು ಮಾಡುತ್ತವೆ. ಆ ಸಕ್ಕರೆಯಿಂದಲೇ ಸೆಲ್ಯುಲೋಸ್ ಎಂಬ ನಾರೂ, ನಾರುಗಳನ್ನು ಬಿಗಿದು ಗಟ್ಟಿಗೊಳಿಸುವ ಲಿಗ್ನಿನ್ ಎಂಬ ವಸ್ತುವೂ ಸಿದ್ಧವಾಗುತ್ತವೆ. ಒಣಗಿದ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವೇ. ಅದೆಲ್ಲವೂ ಒಂದು ಕಾಲಕ್ಕೆ ಗಾಳಿಯಲ್ಲಿದ್ದುದು.

ನೀರನ್ನು ಮೇಲಕ್ಕೊಯ್ಯುವ ನಾಳದ ಕೋಶಗಳು ತಮ್ಮ ಗೋಡೆಯನ್ನು ಭದ್ರಪಡಿಸಿಕೊಂಡೊಡನೆ ಸಾಯುತ್ತವೆ. ಸತ್ತು ಟೊಳ್ಳಾದ ಮೇಲೆಯೇ ಅವು ಕೊಳವೆಗಳಾಗಿ ಕೆಲಸಕ್ಕೆ ಬರುವುದು! ವರ್ಷಗಳು ಕಳೆದಂತೆ ಒಳಗಿನ ಹಳೆಯ ನಾಳಗಳು ನೀರು ಸಾಗಿಸುವುದನ್ನು ನಿಲ್ಲಿಸುತ್ತವೆ. ಅಂಟು, ಎಣ್ಣೆ, ಬಣ್ಣದ ದ್ರವ್ಯಗಳು ತುಂಬಿಕೊಂಡು ಆ ಭಾಗವು ಕೆಚ್ಚಾಗುತ್ತದೆ. ಕನ್ನಡದಲ್ಲಿ ಕೆಚ್ಚು ಎಂಬ ಮಾತಿಗೆ ಧೈರ್ಯವೆಂಬ ಅರ್ಥವೂ ಇದೆಯಷ್ಟೆ. ಕೆಚ್ಚು ಮರಕ್ಕೆ ಬಲ ಕೊಡುತ್ತದೆ. ಆದರೆ ಮರದ ಜೀವವಿರುವುದು ಅದರ ಹೊರಗೆ. ಆದುದರಿಂದಲೇ ಕೆಚ್ಚು ಕೊಳೆತುಹೋದರೂ ಮುದಿ ಹುಣಸೆ ಬದುಕಿರಬಲ್ಲುದು.

ಕ್ಯಾಂಬಿಯಂ ವರ್ಷವಿಡೀ ಒಂದೇ ಸಮನೆ ದುಡಿಯುವುದಿಲ್ಲ. ಪಶ್ಚಿಮಘಟ್ಟದ ಮಗ್ಗುಲಿನ ಕಾಡುಗಳಲ್ಲಿ ಬೆಳೆಯುವ ತೇಗವನ್ನು ನೋಡಿ. ನೆಲದ ತೇವ ಆರುತ್ತ ಬಂದಂತೆ ಅದು ತನ್ನ ಅಗಲವಾದ ಎಲೆಗಳನ್ನು ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತದೆ. ಆಗ ಬೆಳವಣಿಗೆಯೂ ನಿಲ್ಲುತ್ತದೆ. ಮತ್ತೆ ಚಿಗುರಿ ಬೆಳೆಯತೊಡಗಿದಾಗ ಮೊದಲು ಬರಿಗಣ್ಣಿಗೂ ಕಾಣುವಷ್ಟು ದೊಡ್ಡ ನಾಳಗಳು ಹುಟ್ಟುತ್ತವೆ. ಆಮೇಲೆ ಸಣ್ಣ ನಾಳಗಳ ಒತ್ತಾದ ಕಟ್ಟಿಗೆ ಬೆಳೆಯುತ್ತದೆ. ಮರುವರ್ಷ ಅದರ ಸುತ್ತ ಮತ್ತೆ ದೊಡ್ಡ ನಾಳಗಳ ಸಾಲು. ಹೀಗೆ ವರ್ಷಕ್ಕೊಂದು ಉಂಗುರ. ಶೀತದೇಶಗಳ ಮರಗಳಲ್ಲಿ ಈ ಉಂಗುರವನ್ನು ಮೂಡಿಸುವುದು ಚಳಿಗಾಲ. ತೇಗದಲ್ಲಿ ಮೂಡಿಸುವುದು ಒಣಗಾಲ. ವರ್ಷವೆಲ್ಲ ತೇವವಿರುವ ನಿತ್ಯಹರಿದ್ವರ್ಣದ ಕಾಡಿನ ಎಷ್ಟೋ ಮರಗಳಲ್ಲಿ ಇಂಥ ಸ್ಪಷ್ಟವಾದ ಉಂಗುರಗಳೇ ಇರುವುದಿಲ್ಲ.

ಮಳೆ ಚೆನ್ನಾಗಿ ಆದ ವರ್ಷ ಉಂಗುರ ಅಗಲ. ಮಳೆ ಕೈಕೊಟ್ಟ ವರ್ಷ ಕಿರಿದು. ಬರಗಾಲದಲ್ಲಿ ಮನುಷ್ಯರು ಗುಳೆ ಹೋಗಬಹುದು, ಪ್ರಾಣಿಪಕ್ಷಿಗಳು ವಲಸೆ ಹೋಗಬಹುದು. ಮರ ಮಾತ್ರ ನಿಂತಲ್ಲಿಯೇ ನಿಂತು, ಬಂದುದನ್ನು ಅನುಭವಿಸಿ, ಅದರ ಗುರುತನ್ನು ಒಡಲಲ್ಲಿ ಇಟ್ಟುಕೊಳ್ಳುತ್ತದೆ. ಒಮ್ಮೆ ಮೂಡಿದ ಉಂಗುರವನ್ನು ಅದು ತಿದ್ದಲಾರದು.

ಈ ಗುರುತುಗಳನ್ನು ಓದುವ ಶಾಸ್ತ್ರಕ್ಕೆ ತಳಹದಿ ಹಾಕಿದವನು ಅಮೆರಿಕದ ಖಗೋಳವಿಜ್ಞಾನಿ ಎ. ಇ. ಡಗ್ಲಸ್. ಸೂರ್ಯನ ಕಲೆಗಳ ಪ್ರಭಾವವನ್ನು ಅರಿಯಲೆಂದು 1904ರಲ್ಲಿ ಮರದ ಉಂಗುರಗಳನ್ನು ಅಳೆಯತೊಡಗಿದ ಆತನಿಗೆ, ಒಂದು ಪ್ರದೇಶದ ಹಲವು ಮರಗಳಲ್ಲಿ ಅಗಲ ಕಿರಿದುಗಳ ಒಂದೇ ಅನುಕ್ರಮ ಕಂಡುಬಂದಿತು. ಒಂಟಿ ಮರದ ಸಾಕ್ಷ್ಯವನ್ನು ನಂಬುವಂತಿಲ್ಲ; ಬೆಂಕಿ, ಕೀಟಬಾಧೆ, ನೆರೆಮರದ ನೆರಳು ಇವುಗಳಿಂದಲೂ ಉಂಗುರ ಕಿರಿದಾಗಬಹುದು. ಹಲವು ಮರಗಳು ಒಂದೇ ಮಾತು ಹೇಳಿದರೆ ಮಾತ್ರ ಅದು ಹವೆಯ ಮಾತು. ಇದಕ್ಕಾಗಿ ಮರವನ್ನು ಕಡಿಯಬೇಕಾಗಿಲ್ಲ. ಟೊಳ್ಳಾದ ಬೈರಿಗೆಯಿಂದ ಕೊರೆದು, ಪೆನ್ಸಿಲಿಗಿಂತ ತೆಳುವಾದ ಕಡ್ಡಿಯೊಂದನ್ನು ತೆಗೆದುಕೊಂಡರೆ ಸಾಕು.

ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದುದು 1875ರಲ್ಲಿ. ಅದಕ್ಕೂ ಹಿಂದಿನ ಮಳೆಯ ಲೆಕ್ಕಗಳು ವಿರಳ. ಆದರೆ ಕೇರಳದ ತೇಗದ ಮರಗಳಿಂದ ವಿಜ್ಞಾನಿಗಳು 1481ರಿಂದ 2003ರವರೆಗಿನ 523 ವರ್ಷಗಳ ಉಂಗುರಗಳ ಸರಣಿಯನ್ನು ಜೋಡಿಸಿದ್ದಾರೆ. ಅದರ ಮೊದಲ ಉಂಗುರ ಮೂಡಿದಾಗ ವಿಜಯನಗರದ ಅರಸರು ಆಳುತ್ತಿದ್ದರು! 2010ರಲ್ಲಿ ಎಡ್ವರ್ಡ್ ಕುಕ್ ಮತ್ತು ಅವರ ಸಂಗಡಿಗರು ಏಷ್ಯಾ ಖಂಡದ ಮುನ್ನೂರಕ್ಕೂ ಹೆಚ್ಚು ಕಡೆಯ ಮರಗಳ ಉಂಗುರಗಳನ್ನು ಕೂಡಿಸಿ, ಕಳೆದ ಸಾವಿರ ವರ್ಷಗಳಲ್ಲಿ ಮುಂಗಾರು ಸೋತ ಕಾಲಗಳನ್ನು ಗುರುತಿಸಿದರು. ಅವುಗಳಲ್ಲಿ 1876ರಿಂದ 1878ರ ಬರವೂ ಒಂದು. ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ, ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ ಕ್ಷಾಮ ಅದೇ.

ಇಂದು ಭೂಮಿಯ ಹವೆ ಬದಲಾಗುತ್ತಿದೆ. ಮುಂಗಾರು ಹಿಂದೆ ಹೇಗಿತ್ತು, ಎಷ್ಟು ಬಾರಿ ಸೋತಿತ್ತು ಎಂಬುದನ್ನು ಅರಿಯದೆ ಈ ಬದಲಾವಣೆಯನ್ನು ಅಳೆಯುವುದು ಕಷ್ಟ. ಆ ಅರಿವು ಬಹುಮಟ್ಟಿಗೆ ಹಳೆಯ ಮರಗಳ ಒಡಲಿನಲ್ಲಿದೆ. ಹಿರಿಯ ಮರವೊಂದನ್ನು ಕಡಿದು ಹತ್ತು ಸಸಿಗಳನ್ನು ನೆಟ್ಟರೆ ಲೆಕ್ಕ ಸರಿಹೋಯಿತೆಂದು ನಾವು ತಿಳಿಯುತ್ತೇವೆ. ಸಸಿಗಳನ್ನು ನೆಡುವುದು ಒಳ್ಳೆಯ ಕೆಲಸವೇ. ಅವು ನಾಳೆ ನೆರಳನ್ನೂ ಮರಮುಟ್ಟನ್ನೂ ಕೊಟ್ಟಾವು. ಆದರೆ ಅವು ಬರೆಯುವ ಲೆಕ್ಕ ಈ ವರ್ಷದ ಮಳೆಯಿಂದ ಮೊದಲಾಗುತ್ತದೆ. ಮುನ್ನೂರು ಮಳೆಗಾಲಗಳನ್ನು ಕಂಡ ತೇಗವನ್ನು ಮರಳಿ ಪಡೆಯಲು ಮುನ್ನೂರು ಮಳೆಗಾಲಗಳೇ ಬೇಕು.