ಉಕ್ಕಿಗೂ ಬೇಕು ಕಲಾಯಿ

ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣವನ್ನು ಕಮ್ಮಾರ ಸುತ್ತಿಗೆಯಿಂದ ಬಡಿದಾಗ ಕಪ್ಪು ಹಕ್ಕಳೆಗಳು ಉದುರುತ್ತವೆ. ಅವು ಕುಲುಮೆಯ ಮಸಿಯಲ್ಲ. ಗಾಳಿಯಲ್ಲಿನ ಆಮ್ಲಜನಕಕ್ಕೆ ಆಹಾರವಾದ ಕಬ್ಬಿಣ. ಮಳೆಗಾಲದಲ್ಲಿ ಮನೆಯ ಗೇಟಿಗೆ ಹಿಡಿಯುವ ತುಕ್ಕಿಗೆ ತೇವ ಬೇಕು. ಇದಕ್ಕೆ ಬಿಸಿಗಾಳಿಯೊಂದೇ ಸಾಕು.

‘ಬಾಯ್ಲರ್ ಟ್ಯೂಬ್ ಸೋರಿಕೆ: ಘಟಕ ಸ್ಥಗಿತ’ ಎಂಬ ಸುದ್ದಿ ನಮ್ಮ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಆರಂಭವಾದದ್ದು 1985ರಲ್ಲಿ. ಈಗ ಅಲ್ಲಿರುವ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್. ಇಂತಹ ಬಾಯ್ಲರುಗಳ ಕೊಳವೆಗಳಲ್ಲಿ ಹರಿಯುವ ಉಗಿಯೇ ಸುಮಾರು 540 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬೆಂಕಿಯತ್ತ ಮುಖ ಮಾಡಿದ ಲೋಹದ ಬಿಸಿ ಇನ್ನೂ ಹೆಚ್ಚು. ಕಬ್ಬಿಣಕ್ಕೆ 570 ಡಿಗ್ರಿ ಒಂದು ಲಕ್ಷ್ಮಣರೇಖೆ. ಅದನ್ನು ದಾಟಿದರೆ ವುಸ್ಟೈಟ್ ಎಂಬ ಆಕ್ಸೈಡ್ ಹುಟ್ಟಿಕೊಳ್ಳುತ್ತದೆ. ಅದರ ಹರಳಿನಲ್ಲಿ ಖಾಲಿ ಜಾಗಗಳು ಹೇರಳ. ಅವುಗಳ ಮೂಲಕ ಕಬ್ಬಿಣದ ಅಯಾನುಗಳು ಸರಾಗವಾಗಿ ಹೊರಕ್ಕೆ ನುಸುಳುವುದರಿಂದ ಹಕ್ಕಳೆ ದಪ್ಪವಾಗುತ್ತದೆ, ಕೊಳವೆ ತೆಳ್ಳಗಾಗುತ್ತದೆ.

ಇದಕ್ಕೆ ಮದ್ದೆಂದರೆ ಆಮ್ಲಜನಕವನ್ನು ದೂರವಿಡುವುದಲ್ಲ. ಅದಕ್ಕೆ ಬೇರೆ ಲೋಹವೊಂದನ್ನು ಉಣಬಡಿಸುವುದು. ಕ್ರೋಮಿಯಂ ಮತ್ತು ಅಲ್ಯೂಮಿನಿಯಂ ಕೂಡ ಆಕ್ಸೈಡ್ ಆಗುತ್ತವೆ, ಕಬ್ಬಿಣಕ್ಕಿಂತ ಆತುರದಿಂದಲೇ. ಆದರೆ ಆ ಪದರ ಕೂದಲೆಳೆಗಿಂತ ತೆಳುವಾಗಿ, ಬಿಗಿಯಾಗಿ ಕೂತು, ಮುಂದಿನ ದಾರಿಯನ್ನು ತಾನೇ ಮುಚ್ಚಿಬಿಡುತ್ತದೆ.

ಈ ಲೋಹಗಳನ್ನು ಉಕ್ಕಿನ ಮೇಲೆ ಎರಚುವ ವಿದ್ಯೆಗೆ ಕಳೆದ ಶತಮಾನದ ಆರಂಭದಲ್ಲಿ ನಾಂದಿ ಹಾಡಿದವರು ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಉಲ್ರಿಚ್ ಶೂಪ್. ತಂತಿಯನ್ನು ಜ್ವಾಲೆಯಲ್ಲೋ ವಿದ್ಯುತ್ ಕಿಡಿಯಲ್ಲೋ ಕರಗಿಸಿ, ಒತ್ತಡದ ಗಾಳಿಯಿಂದ ಹನಿಯಾಗಿಸಿ ಚಿಮ್ಮಿಸುತ್ತಾರೆ. ಕಾವಲಿಗೆ ಹೊಯ್ದ ದೋಸೆ ಹಿಟ್ಟಿನಂತೆ ಪ್ರತಿ ಹನಿಯೂ ಚಪ್ಪಟೆಯಾಗಿ, ಕ್ಷಣಾರ್ಧದಲ್ಲಿ ಹೆಪ್ಪುಗಟ್ಟಿ, ಒಂದರ ಮೇಲೊಂದು ಕೂರುತ್ತದೆ. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸಿನ ಲೇಪ. ಎರಚಿದ ಅಲ್ಯೂಮಿನಿಯಂ ಮುಂದೆ ಬಿಸಿಗೆ ಉಕ್ಕಿನೊಳಕ್ಕೇ ಇಳಿದು ಮಿಶ್ರಲೋಹವಾಗುತ್ತದೆ. ಬಾಯ್ಲರಿನ ಬಿಸಿ ಭಾಗಗಳಿಗೆ ನಿಕ್ಕಲ್-ಕ್ರೋಮಿಯಂ ಮಿಶ್ರಣಕ್ಕೆ ಬೇಡಿಕೆ ಹೆಚ್ಚು.

ಹಿಂದೆ ಬೀದಿಯಲ್ಲಿ ಕೂತು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು ತವರ ಹಚ್ಚುವುದಕ್ಕಿಂತ ಹೆಚ್ಚು ಹೊತ್ತು ಪಾತ್ರೆ ಉಜ್ಜುತ್ತಿದ್ದರು. ಇಲ್ಲಿಯೂ ಅಷ್ಟೆ. ಈ ಲೇಪ ಉಕ್ಕಿಗೆ ಬೆಸೆದುಕೊಳ್ಳುವುದಕ್ಕಿಂತ ಅದರ ಒರಟುತನವನ್ನು ಹಿಡಿದು ನಿಲ್ಲುವುದೇ ಹೆಚ್ಚು. ಆದ್ದರಿಂದ ಚೂಪು ಕಣಗಳನ್ನು ರಭಸದಿಂದ ಹೊಡೆದು ಮೇಲ್ಮೈಯನ್ನು ಶುಚಿಗೊಳಿಸಿ, ತರಿತರಿಯಾಗಿಸಿ, ಮತ್ತೆ ಗಾಳಿಯ ತೇವ ತಾಗುವ ಮುನ್ನವೇ ಎರಚಬೇಕು. ಎರಚಿದ ಮೇಲೆ ಒಳ್ಳೆಯ ಕೆಲಸವೂ ಕಳಪೆ ಕೆಲಸವೂ ಕಣ್ಣಿಗೆ ಒಂದೇ. ಹೀಗಿರುವಾಗ ಕನಿಷ್ಠ ದರದ ಟೆಂಡರಿಗೆ ಈ ಕೆಲಸವನ್ನು ಒಪ್ಪಿಸಿ, ಮುಗಿದ ಮೇಲೆ ತಪಾಸಣೆಗೆ ಹೋಗುವುದರಲ್ಲಿ ಅರ್ಥವಿಲ್ಲ. ತಪಾಸಕ ಹೋಗಬೇಕಾದದ್ದು ಉಜ್ಜುವ ಹೊತ್ತಿಗೆ.

ನಮ್ಮ ಕಲ್ಲಿದ್ದಲಿನಲ್ಲಿ ಬೂದಿಯೇ ಶೇ 30ರಿಂದ 45ರಷ್ಟು. ಅದರಲ್ಲಿನ ಗಡುಸು ಕಣಗಳು ರಕ್ಷಾಪದರವನ್ನೂ ಸವೆಸುತ್ತವೆ. ಈಗ ಹೊಸ ಸಂಕಟವೊಂದು ಸೇರಿದೆ. ಪಾವಗಡದ 2,050 ಮೆಗಾವಾಟ್‌ನಂತಹ ಸೌರ ಸ್ಥಾವರಗಳು ಹಗಲಿನಲ್ಲಿ ವಿದ್ಯುತ್ ತುಂಬಿಕೊಡುವಾಗ ಕಲ್ಲಿದ್ದಲು ಘಟಕಗಳು ತಗ್ಗಬೇಕು, ಸಂಜೆಗೆ ಏರಬೇಕು. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2023ರ ನಿಯಮಗಳ ಪ್ರಕಾರ ಅವು ಹಂತ ಹಂತವಾಗಿ ಸಾಮರ್ಥ್ಯದ ಶೇ 40ಕ್ಕೆ ಇಳಿದು ನಡೆಯಲು ಸಜ್ಜಾಗಬೇಕು. ಸೌರಶಕ್ತಿ ಬೇಡವೆಂದು ಇದರರ್ಥವಲ್ಲ. ಆದರೆ ಇಂತಹ ಏರಿಳಿತಕ್ಕೆ ಹಳೆಯ ಬಾಯ್ಲರುಗಳನ್ನು ಕಟ್ಟಿರಲಿಲ್ಲ. ತಣಿದಾಗ ಲೋಹ ಹೆಚ್ಚು ಕುಗ್ಗುತ್ತದೆ, ಆಕ್ಸೈಡ್ ಕಡಿಮೆ. ಪದರ ಸಿಡಿದು ಉದುರುತ್ತದೆ. ಲೇಪದಲ್ಲಿರುವ ಕ್ರೋಮಿಯಂ ಮತ್ತೆ ಹೊಸ ಪದರ ಕಟ್ಟುತ್ತದೆ ನಿಜ, ಆದರೆ ಆ ದಾಸ್ತಾನು ಅಕ್ಷಯಪಾತ್ರೆಯಲ್ಲ. ವಾರ್ಷಿಕ ದುರಸ್ತಿಗೆ ಘಟಕ ನಿಂತಾಗಲೆಲ್ಲ ಲೇಪದ ದಪ್ಪವನ್ನು ಅಳೆದು ಬರೆದಿಡದಿದ್ದರೆ, ಅದು ಬರಿದಾದ ಸಂಗತಿ ಕೊಳವೆ ಸೋರಿದ ದಿನವೇ ತಿಳಿಯುವುದು.