ಕಟ್ಟಿಗೆ ಒಣಗಿತೋ? ತಕ್ಕಡಿ ಹೇಳಲಿ

ಹೋದ ಮಾರ್ಚ್‌ನಲ್ಲಿ ಖಾನಾಪುರ ಕಡೆಯ ಒಂದು ತೋಟದಿಂದ ಹಲಸಿನ ತುಂಡೊಂದನ್ನು ತಂದಿದ್ದೆ. ಗೇಣುದ್ದ, ತೊಡೆ ದಪ್ಪ. ಕುಂಕುಮದ ಭರಣಿ ಕಡೆಯಬೇಕೆಂಬ ಆಸೆ. ಬೇಗ ಒಣಗಲಿ ಎಂದು ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಮೂರನೆಯ ದಿನ ಮಧ್ಯಾಹ್ನ ಟಪ್ಪೆಂದು ಸದ್ದಾಯಿತು. ಹೋಗಿ ನೋಡಿದರೆ ತಿರುಳಿನಿಂದ ತೊಗಟೆಯವರೆಗೆ ಸೀಳು. ಕಿರುಬೆರಳಿನ ಉಗುರು ಅದರೊಳಗೆ ಸಲೀಸಾಗಿ ಇಳಿಯಿತು.

ಹಸಿ ಕಟ್ಟಿಗೆಯಲ್ಲಿ ನೀರು ಎರಡು ಕಡೆ ಇರುತ್ತದೆ. ಜೀವಕೋಶಗಳ ಪೊಳ್ಳಿನಲ್ಲಿರುವುದು ಮೊದಲು ಹೋಗುತ್ತದೆ; ಆಗ ತೂಕ ಇಳಿಯುತ್ತದೆ, ಅಳತೆ ಬದಲಾಗದು. ತೇವಾಂಶ ಸುಮಾರು ಶೇ. 30ಕ್ಕೆ ಇಳಿದ ಮೇಲೆ ಕೋಶಗಳ ಗೋಡೆಯನ್ನು ಹಿಡಿದುಕೊಂಡಿದ್ದ ನೀರು ಹೊರಡುತ್ತದೆ. ಕಟ್ಟಿಗೆ ಕುಗ್ಗುವುದು ಅಲ್ಲಿಂದ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲಾದರೆ, ಉಂಗುರಗಳ ಸುತ್ತಿನಲ್ಲಿ ಹೆಚ್ಚುಕಡಿಮೆ ಎರಡು ಪಾಲು. ಬಳೆ ಕುಗ್ಗುತ್ತಾ ಬಂದು, ಒಳಗಿನ ಮುಂಗೈ ಅಷ್ಟು ಕುಗ್ಗದೆ ಹೋದರೆ ಬಳೆ ಒಡೆಯಲೇಬೇಕಲ್ಲ! ಬಿಸಿಲಿಗಿಟ್ಟಾಗ ಇನ್ನೂ ಕಷ್ಟ: ಹೊರಮೈ ಒಣಗಿ ಬಿಗಿಯುತ್ತದೆ, ಒಳಗು ಇನ್ನೂ ಹಸಿಯಾಗಿ ಉಬ್ಬಿಯೇ ಇರುತ್ತದೆ.

ಅದಕ್ಕೇ ದುಂಡು ತುಂಡನ್ನು ಹಸಿಯಿದ್ದಾಗಲೇ ತಿರುಳಿನ ನಡುವೆ ಹಾಯುವಂತೆ ಎರಡು ಹೋಳು ಮಾಡಿಬಿಡಬೇಕು. ಹೋಳು ತುಸು ಸೊಟ್ಟಗಾದೀತು, ಸೀಳುವ ಭಯ ಬಹಳ ಕಡಿಮೆ. ಸಾಗವಾನಿಗೆ ಇಷ್ಟು ಬೆಲೆ ಬರಲು ಒಂದು ಕಾರಣ ಅದು ಉಳಿದ ಮರಗಳಿಗಿಂತ ಕಡಿಮೆ ಕುಗ್ಗುವುದು.

ನನ್ನ ಇನ್ನೊಂದು ತಪ್ಪು ತುದಿಗಳನ್ನು ಹಾಗೇ ಬಿಟ್ಟದ್ದು. ಬೇರಿನಿಂದ ನೀರು ಏರಿದ ಕೊಳವೆಗಳ ಬಾಯಿ ಅಲ್ಲೇ ತೆರೆದಿರುತ್ತದೆ. ಪಕ್ಕಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ತೇವ ಅಲ್ಲಿಂದ ಹೋಗುತ್ತದೆ. ಕೊಯ್ದ ದಿನವೇ ಎರಡೂ ತುದಿಗೆ ಕರಗಿಸಿದ ಮೇಣವನ್ನೋ ದಪ್ಪನೆಯ ಎಣ್ಣೆಬಣ್ಣವನ್ನೋ ಬಳಿಯಬೇಕು. ಮರುದಿನವೆಂದರೆ ತಡವಾಯಿತು. ಆಮೇಲೆ ನೆರಳು, ಗಾಳಿಯಾಡುವ ಜಾಗ, ನೆಲ ತಾಗದಂತೆ ಕೆಳಗೆರಡು ಪಟ್ಟಿ.

ಎಷ್ಟು ದಿನ? ಚನ್ನಪಟ್ಟಣದ ಗೊಂಬೆಯವರು ಮೆತ್ತನೆಯ ಆಲೆ ಮರವನ್ನೇ ತಿಂಗಳುಗಟ್ಟಲೆ ಒಣಗಿಸುತ್ತಾರೆ. ನಮ್ಮ ಕಡೆ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿಯ ಆರ್ದ್ರತೆ ಶೇ. 90 ಇದ್ದಾಗ ಕಟ್ಟಿಗೆ ಎಷ್ಟೇ ಕಾದರೂ ಶೇ. 20ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಶೇ. 65ರ ಗಾಳಿಯಲ್ಲಿ ಶೇ. 12ಕ್ಕೆ ಇಳಿಯುತ್ತದೆ. ಆಷಾಢದಲ್ಲಿ ಒಣಗಿತೆಂದು ನಂಬಿ ಕಡೆದ ಡಬ್ಬಿಯ ಮುಚ್ಚಳ ಶಿವರಾತ್ರಿಯ ಹೊತ್ತಿಗೆ ಕೂರದೆ ಹೋಗುವುದು ಇದೇ ಕಾರಣಕ್ಕೆ.

ಮುಟ್ಟಿ ನೋಡಿದರೆ ತಿಳಿಯದು, ತೂಗಿದರೆ ತಿಳಿಯುತ್ತದೆ. ಅದೇ ಮರದ 50 ಗ್ರಾಂ ಚೂರನ್ನು ಓವನ್‌ನಲ್ಲಿ 103 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿದಾಗ 32 ಗ್ರಾಂ ಉಳಿಯಿತು ಎನ್ನಿ. ಹೋದದ್ದು 18, ಅದನ್ನು 32ರಿಂದ ಭಾಗಿಸಿದರೆ ತೇವಾಂಶ ಶೇ. 56. ಓವನ್ ಇಲ್ಲದವರು ವಾರಕ್ಕೊಮ್ಮೆ ಇಡೀ ತುಂಡನ್ನೇ ತೂಗಿದರೂ ಸಾಕು. ತೂಕ ವಾರಗಟ್ಟಲೆ ಅಲ್ಲಾಡದೆ ನಿಂತರೆ ಕಟ್ಟಿಗೆ ಮನೆಯ ಗಾಳಿಗೆ ಹೊಂದಿಕೊಂಡಿದೆ.

ರವಿವಾರ ಪೇಟೆಯಲ್ಲಿ ಬೇಳೆ, ಬೆಲ್ಲ ತೂಗುವ ಗೆಳೆಯನೊಬ್ಬನ ಕಾಟಾದ ಮೇಲೆ ನನ್ನ ಎರಡನೆಯ ಹಲಸಿನ ಹೋಳು ಶನಿವಾರಕ್ಕೊಮ್ಮೆ ಕೂರುತ್ತದೆ. ಪೆನ್ಸಿಲ್‌ನಲ್ಲಿ ಅದರ ಮೈಮೇಲೇ ಬರೆದಿಟ್ಟಿದ್ದೇನೆ: 1,240. 1,105. 1,020. 965. 938. 921. ಕಳೆದೆರಡು ಶನಿವಾರ 914, 912. ತುದಿಯ ಮೇಣ ಹಾಗೇ ಇದೆ, ಎಲ್ಲೂ ಬಿರುಕಿಲ್ಲ. ಉಳಿಗೆ ಇನ್ನೂ ಸಾಣೆ ಹಿಡಿದಿಲ್ಲ.